ಮುಗಿಲೆತ್ತರದ ಮನೆ, ನೆಲದ ಲೆಕ್ಕ

ಕರ್ನಾಟಕದಲ್ಲಿ ಐಷಾರಾಮಿ ವಸತಿ ಗೋಪುರಗಳೆಂದರೆ ಬಹುಮಟ್ಟಿಗೆ ಬೆಂಗಳೂರಿನವೇ. ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಪಟ್ಟಣಗಳಲ್ಲಿ ಮನೆಗಳು ಸಾಮಾನ್ಯವಾಗಿ ಎರಡು, ಮೂರು ಅಂತಸ್ತಿಗೆ ನಿಲ್ಲುತ್ತವೆ. ಚನ್ನಗಿರಿ ಸೀಮೆಯ ಅಡಿಕೆ ಬೆಳೆಗಾರರಿಗೆ ದೊಡ್ಡ ಮನೆ ಕಟ್ಟುವ ಶಕ್ತಿ ಇಲ್ಲವೆಂದಲ್ಲ. ಮೇಲಕ್ಕೆ ಕಟ್ಟುವ ಗರಜಿಲ್ಲ, ಅಷ್ಟೆ. ಕಟ್ಟಡ ಎತ್ತರವಾದಷ್ಟೂ ಅಡಿಪಾಯ, ಕಬ್ಬಿಣ, ಲಿಫ್ಟು, ಪಂಪು, ಅಗ್ನಿಸುರಕ್ಷತೆಯ ಖರ್ಚು ಸೇರಿ ಚದರಡಿಯ ವೆಚ್ಚ ಏರುತ್ತ ಹೋಗುತ್ತದೆ. ನೆಲದ ಬೆಲೆ ಈ ವೆಚ್ಚವನ್ನೂ ಮೀರಿಸುವ ಕಡೆ ಮಾತ್ರ ಎತ್ತರ ಗಿಟ್ಟುತ್ತದೆ. ಆದರೂ ಈ ತಾಲ್ಲೂಕುಗಳಿಗೆ ವಿಷಯ ತೀರಾ ಹೊರಗಿನದಲ್ಲ. ಮಗನೋ ಮಗಳೋ ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ ಮೇಲೆ ಸೈಟು ತಗೊಳ್ಳೋದಾ, ಫ್ಲ್ಯಾಟು ತಗೊಳ್ಳೋದಾ ಎಂಬ ಮಾತು ಮನೆಯಲ್ಲಿ ಎದ್ದೇ ಏಳುತ್ತದೆ.

ಬೆಂಗಳೂರು ಕೂಡ ಎತ್ತರಕ್ಕೆ ಒಗ್ಗಿದ್ದು ನಿಧಾನವಾಗಿ. ಎಪ್ಪತ್ತರ ದಶಕದಿಂದ ಬಹುಕಾಲ ಮಹಾತ್ಮ ಗಾಂಧಿ ರಸ್ತೆಯ 25 ಮಹಡಿಗಳ ಪಬ್ಲಿಕ್ ಯುಟಿಲಿಟಿ ಕಟ್ಟಡವೇ ನಗರದ ಎತ್ತರದ ಗುರುತಾಗಿತ್ತು; ಅದರಲ್ಲಿದ್ದದ್ದು ಅಂಗಡಿ, ಕಚೇರಿಗಳು. 1997ರ ರಾಷ್ಟ್ರೀಯ ಕ್ರೀಡಾಕೂಟಕ್ಕೆಂದು ಕೋರಮಂಗಲದಲ್ಲಿ ಎದ್ದ ನ್ಯಾಷನಲ್ ಗೇಮ್ಸ್ ವಿಲೇಜ್, ಬೇಲಿಯೊಳಗಿನ ಸಾಮೂಹಿಕ ವಸತಿಯನ್ನು ಮಧ್ಯಮ ವರ್ಗಕ್ಕೆ ಪರಿಚಯಿಸಿತು. ಆಮೇಲೆ ಬಂದ ಸಾಫ್ಟ್‌ವೇರ್ ಸಂಬಳ ಮತ್ತು ಗೃಹಸಾಲ ಉಳಿದ ಕೆಲಸ ಮಾಡಿದವು. ಮಲ್ಲೇಶ್ವರದ ಅಂಚಿನಲ್ಲಿ ಕಿರ್ಲೋಸ್ಕರ್ ಎಲೆಕ್ಟ್ರಿಕ್ ಕಾರ್ಖಾನೆಯಿದ್ದ ಸುಮಾರು 40 ಎಕರೆಯಲ್ಲಿ ಬ್ರಿಗೇಡ್ ಗೇಟ್‌ವೇ ಎದ್ದಿತು: ಮನೆ, ಮಾಲು, ಹೋಟೆಲು, ಆಸ್ಪತ್ರೆ, ಕಚೇರಿ ಗೋಪುರ, ನಡುವೆ ಒಂದು ಕೃತಕ ಕೆರೆ. ಕಾರ್ಖಾನೆ ಮುಚ್ಚಿದ ಜಾಗವೇ ಗೋಪುರಗಳಿಗೆ ನೆಲವಾದದ್ದು ನಗರದ ಇತಿಹಾಸದಲ್ಲಿ ಗಮನಿಸಬೇಕಾದ ಸಂಗತಿ.

ಐಷಾರಾಮದ ತುತ್ತತುದಿ ವಿಟ್ಠಲ್ ಮಲ್ಯ ರಸ್ತೆಯ ಕಿಂಗ್‌ಫಿಷರ್ ಟವರ್ಸ್. ಮಲ್ಯ ಕುಟುಂಬದ ಹಳೆಯ ಮನೆಯಿದ್ದ ಸುಮಾರು ನಾಲ್ಕೂವರೆ ಎಕರೆಯಲ್ಲಿ ಪ್ರೆಸ್ಟೀಜ್ ಸಮೂಹದ ಜತೆಗೂಡಿ ಕಟ್ಟಿದ ಈ 34 ಅಂತಸ್ತಿನ ಸಮುಚ್ಚಯದಲ್ಲಿ ಮೂರು ಬ್ಲಾಕುಗಳಿವೆ. ಇರುವುದು ಎಂಬತ್ತರಷ್ಟೇ ಮನೆಗಳು. ಒಂದೊಂದೂ 8,000 ಚದರಡಿಯ ಆಸುಪಾಸಿನದು. ನೆತ್ತಿಯ ಮೇಲೆ ವಿಜಯ್ ಮಲ್ಯ ಅವರಿಗಾಗಿ ರೂಪಿಸಿದ ಬಿಳಿ ಬಂಗಲೆ ಹೊರಚಾಚಿಕೊಂಡು ಕೂತಿದೆ. ಒಡೆಯ ದೇಶ ಬಿಟ್ಟದ್ದು 2016ರಲ್ಲಿ.

ಎತ್ತರವನ್ನು ತೀರ್ಮಾನಿಸುವುದು ಬಿಲ್ಡರ್ ಒಬ್ಬನೇ ಅಲ್ಲ. ನಿವೇಶನದ ಅಳತೆ, ಎದುರಿನ ರಸ್ತೆಯ ಅಗಲ ಮತ್ತು ನೆಲ–ಕಟ್ಟಡ ಅನುಪಾತ ಒಂದು ಕಡೆಯಾದರೆ, ವಿಮಾನಗಳ ದಾರಿ ಇನ್ನೊಂದು ಕಡೆ. 2008ರಲ್ಲಿ ನಾಗರಿಕ ವಿಮಾನಗಳು ದೇವನಹಳ್ಳಿಗೆ ಹೋದರೂ ಎಚ್‌ಎಎಲ್, ಜಕ್ಕೂರು, ಯಲಹಂಕದ ವಿಮಾನ ನೆಲೆಗಳು ಇದ್ದಲ್ಲೇ ಇವೆ. ಅವುಗಳ ಆಸುಪಾಸಿನಲ್ಲಿ ಎತ್ತರಕ್ಕೆ ಮಿತಿಯುಂಟು.

ಕಟ್ಟುವ ವಿಧಾನವೂ ಬದಲಾಗಿದೆ. ಕಂಬ, ತೊಲೆ, ನಡುವೆ ಇಟ್ಟಿಗೆ ಗೋಡೆ ಎಂಬ ಹಳೆಯ ಕ್ರಮದ ಬದಲು ಅಲ್ಯೂಮಿನಿಯಂ ಅಚ್ಚು ನಿಲ್ಲಿಸಿ ಗೋಡೆ, ಸ್ಲ್ಯಾಬು ಎರಡನ್ನೂ ಒಟ್ಟಿಗೆ ಕಾಂಕ್ರೀಟಿನಲ್ಲಿ ಎರೆಯುವುದು ದೊಡ್ಡ ಯೋಜನೆಗಳಲ್ಲಿ ಸಾಮಾನ್ಯ. ಮೇಸ್ತ್ರಿಗಳ ಬಾಯಲ್ಲಿ ಇದು ‘ಮಿವಾನ್’. ಕೆಲಸ ಬೇಗ ಆಗುತ್ತದೆ, ಗಾರೆ ಕೆಲಸ ಉಳಿಯುತ್ತದೆ. ಆದರೆ ಗೋಡೆಯೇ ಭಾರ ಹೊರುವುದರಿಂದ ಮುಂದೆ ಎರಡು ಕೋಣೆ ಒಡೆದು ಒಂದು ಮಾಡುವ ಆಸೆ ಬಿಡಬೇಕು. ದೇವರ ಮನೆಯನ್ನು ವಾಸ್ತುವಿಗಾಗಿ ಸರಿಸುವುದಕ್ಕೂ ಅವಕಾಶವಿಲ್ಲ.

ಇಂಥ ಕಟ್ಟಡದ ನಿಜವಾದ ಸೌಕರ್ಯ ಬ್ರೋಷರಿನ ಬಣ್ಣದ ಪುಟಗಳಲ್ಲಿ ಕಾಣುವುದಿಲ್ಲ, ಅದು ನೆಲಮಾಳಿಗೆಯಲ್ಲಿರುತ್ತದೆ. ಮೊದಲನೆಯದು ನೀರು. ಕಾವೇರಿ ನೀರು ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ದೂರ, ಹೆಚ್ಚು ಕಡಿಮೆ ಅರ್ಧ ಕಿಲೋಮೀಟರ್ ಎತ್ತರಕ್ಕೆ ಪಂಪಾಗಿ ಬೆಂಗಳೂರು ಸೇರುತ್ತದೆ. ಮೂವತ್ತನೇ ಮಹಡಿಯವರಿಗೆ ಅದನ್ನು ಮತ್ತೆ ನೂರು ಮೀಟರ್‌ನಷ್ಟು ಎತ್ತಬೇಕು. ಹರಿಹರದ ಬಳಿಯ ದೀಟೂರಿನಿಂದ ತುಂಗಭದ್ರೆಯ ನೀರನ್ನು ಎತ್ತಿ 57 ಕೆರೆ ತುಂಬಿಸುವ ಯೋಜನೆಗೆ ವರ್ಷಗಟ್ಟಲೆ ಕಾದ ಜಗಳೂರು ಸೀಮೆಯವರಿಗೆ ನೀರು ಎತ್ತುವುದರ ಬೆಲೆಯನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ.

ಎತ್ತಿದ ನೀರನ್ನು ಇಳಿಸುವುದೂ ಒಂದು ತೊಡಕೇ. ಪ್ರತಿ ಹತ್ತು ಮೀಟರ್ ಎತ್ತರಕ್ಕೆ ನೀರಿನ ಒತ್ತಡ ಚದರ ಸೆಂಟಿಮೀಟರಿಗೆ ಸುಮಾರು ಒಂದು ಕಿಲೋದಷ್ಟು ಏರುತ್ತದೆ. ನೂರು ಮೀಟರ್ ಮೇಲಿನ ಟ್ಯಾಂಕಿನಿಂದ ನೇರ ಪೈಪು ಬಿಟ್ಟರೆ ಕೆಳಗಿನ ಮನೆಯ ನಲ್ಲಿ, ಗೀಸರ್ ತಡೆಯುವುದಿಲ್ಲ. ಹಾಗಾಗಿ ಕಟ್ಟಡವನ್ನು ಹಲವು ವಲಯಗಳಾಗಿ ಸೀಳಿ, ನಡುನಡುವೆ ಒತ್ತಡ ತಗ್ಗಿಸುವ ವಾಲ್ವ್ ಕೂರಿಸುತ್ತಾರೆ. ಬಳಸಿದ ನೀರನ್ನು ಆವರಣದೊಳಗೇ ಶುದ್ಧೀಕರಿಸಿ, ಬೇರೊಂದು ಪೈಪಿನ ಮೂಲಕ ಶೌಚಾಲಯದ ಫ್ಲಶ್‌ಗೆ, ಗಿಡಗಳಿಗೆ ಮರಳಿಸುತ್ತಾರೆ. ಈ ಘಟಕ ಕೆಟ್ಟರೆ ವಾಸನೆ ಮೊದಲು ಮುಟ್ಟುವುದು ಕೆಳಗಿನ ಮಹಡಿಯವರಿಗೆ.

ಎರಡನೆಯದು ಲಿಫ್ಟು. ಬೆಂಕಿ ಬಿದ್ದಾಗ ಅಗ್ನಿಶಾಮಕರು ಬಳಸುವ ಲಿಫ್ಟು ನೆಲದಿಂದ ತುದಿಯ ಮಹಡಿಗೆ ಒಂದು ನಿಮಿಷದೊಳಗೆ ತಲುಪಬೇಕೆಂಬುದು ರಾಷ್ಟ್ರೀಯ ಕಟ್ಟಡ ಸಂಹಿತೆಯ ನಿಯಮ. ಕಟ್ಟಡ ಎತ್ತರವಾದಷ್ಟೂ ವೇಗದ, ದುಬಾರಿ ಲಿಫ್ಟು ಬೇಕಾಗುವುದು ಹೀಗೆ. ಹೊಗೆ ನುಗ್ಗದಂತೆ ಗಾಳಿಯ ಒತ್ತಡ ಕಾಯ್ದುಕೊಳ್ಳುವ ಮೆಟ್ಟಿಲುದಾರಿ, ಚಾವಣಿಯಲ್ಲಿ ನೀರು ಚಿಮ್ಮಿಸುವ ಸ್ಪ್ರಿಂಕ್ಲರ್, ಜನ ತಾತ್ಕಾಲಿಕವಾಗಿ ನಿಲ್ಲಲು ತೆರೆದ ಆಶ್ರಯ ತಾಣ, ಇವೆಲ್ಲ ಇದರ ಜತೆಗೆ ಬರುತ್ತವೆ. ಆಶ್ರಯ ತಾಣದಲ್ಲಿ ಹಳೆ ಸೋಫಾ, ಸೈಕಲ್ ತುಂಬಿಡುವ ಚಾಳಿ ಮಾತ್ರ ಎಲ್ಲ ದರ್ಜೆಯ ಅಪಾರ್ಟ್‌ಮೆಂಟುಗಳಿಗೂ ಸಮಾನ.

ಕಣ್ಣಿಗೆ ಕಾಣುವ ಸೌಲಭ್ಯಗಳ ಪಟ್ಟಿ ಎಲ್ಲ ಕಡೆ ಹೆಚ್ಚು ಕಡಿಮೆ ಒಂದೇ: ಕ್ಲಬ್ ಹೌಸ್, ಜಿಮ್, ಬ್ಯಾಡ್ಮಿಂಟನ್ ಅಂಗಣ, ಪುಟ್ಟ ಚಿತ್ರಮಂದಿರ, ಸೀಮಂತ–ನಾಮಕರಣಕ್ಕೆ ಒಂದು ಹಾಲು. ಈಜುಕೊಳವನ್ನು ಮಾತ್ರ ಹತ್ತಿರದಿಂದ ನೋಡಬೇಕು. 25 ಮೀಟರ್ ಉದ್ದ, 10 ಮೀಟರ್ ಅಗಲ, 1.2 ಮೀಟರ್ ಆಳದ ಕೊಳದಲ್ಲಿ ಮೂರು ಲಕ್ಷ ಲೀಟರ್ ನೀರು ಹಿಡಿಯುತ್ತದೆ. ತೂಕ 300 ಟನ್. ಅದನ್ನು ತಾರಸಿಗೆ ಏರಿಸಿದರೆ ಆ ಭಾರಕ್ಕಾಗಿ ಬುಡದಿಂದಲೇ ಕಂಬಗಳನ್ನು ದಪ್ಪ ಮಾಡಬೇಕು. 2024ರ ಮಾರ್ಚ್‌ನಲ್ಲಿ ಬೆಂಗಳೂರು ನೀರಿಗೆ ಬಾಯಿಬಿಟ್ಟಾಗ ಜಲಮಂಡಳಿ ಈಜುಕೊಳ, ಕಾರು ತೊಳೆಯುವುದು, ಕೈತೋಟಗಳಿಗೆ ಕುಡಿಯುವ ನೀರು ಬಳಸುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ಗೊತ್ತುಮಾಡಿತು. ಜಾಹೀರಾತಿನಲ್ಲಿ ಮೊದಲು ನಿಲ್ಲುವ ಸೌಲಭ್ಯವೇ ಬರದಲ್ಲಿ ಮೊದಲು ಮುಚ್ಚಿತು. ಹಸಿರಿನ ವಿಷಯವೂ ಅಷ್ಟೆ. ಪಾರ್ಕಿಂಗ್‌ನ ಚಾವಣಿ ಮೇಲೆ ಹರಡಿದ ಕೆಲವೇ ಅಡಿ ಮಣ್ಣಿನಲ್ಲಿ ಹುಲ್ಲು, ಹೂಗಿಡ ಚೆನ್ನಾಗಿ ಬರುತ್ತವೆ. ಹುಣಸೆ, ಮಾವಿನಂಥ ಮರ ಅಲ್ಲಿ ಬೇರು ಬಿಡಲಾರದು.

ಇದನ್ನೆಲ್ಲ ನಡೆಸುವ ಖರ್ಚು ಮಾಲೀಕರ ಸಂಘದ ಹೆಗಲಿಗೆ ಬೀಳುತ್ತದೆ. ಪ್ರತಿ ಮನೆಯ ತಿಂಗಳ ನಿರ್ವಹಣಾ ಶುಲ್ಕವನ್ನು ಚದರಡಿ ಲೆಕ್ಕದಲ್ಲಿ ಕಟ್ಟಬೇಕು. ಅದು 7,500 ರೂಪಾಯಿ ದಾಟಿ, ಸಂಘದ ವಾರ್ಷಿಕ ವಹಿವಾಟು 20 ಲಕ್ಷ ಮೀರಿದ್ದರೆ ಶೇ 18ರ ಜಿಎಸ್‌ಟಿ ಬೇರೆ. ಲಿಫ್ಟು, ಜನರೇಟರ್ ಹಳತಾದಾಗ ಬದಲಿಸಲು ಇಡಗಂಟು ಇಲ್ಲದ ಸಂಘದಲ್ಲಿ ವಾರ್ಷಿಕ ಸಭೆ ಜಗಳದ ಕಣವಾಗುತ್ತದೆ.

ಕೊಳ್ಳುವವರಿಗೆ ಕಾನೂನಿನ ಆಸರೆ 2016ರ ರೇರಾ ಕಾಯ್ದೆ. ಬೆಲೆಯನ್ನು ಮನೆಯೊಳಗಿನ ಬಳಕೆಯ ಜಾಗದ, ಅಂದರೆ ಕಾರ್ಪೆಟ್ ಏರಿಯಾದ ಮೇಲೆ ಹೇಳಬೇಕು. ಗ್ರಾಹಕರ ಹಣದಲ್ಲಿ ಶೇ 70ನ್ನು ಆ ಯೋಜನೆಗೇ ಮೀಸಲಾದ ಖಾತೆಯಲ್ಲಿ ಇಡಬೇಕು. ಸ್ವಾಧೀನ ಕೊಟ್ಟ ಐದು ವರ್ಷದೊಳಗೆ ಕಟ್ಟಡದ ರಚನೆಯಲ್ಲಿ ಲೋಪ ಕಂಡರೆ ಬಿಲ್ಡರ್ ತನ್ನ ಖರ್ಚಿನಲ್ಲೇ ಸರಿಪಡಿಸಬೇಕು. ಒಡೆತನದ ಸ್ವರೂಪವನ್ನು ನಿರ್ಧರಿಸುವುದು ಇನ್ನೂ ಹಳೆಯದಾದ 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಒಡೆತನ ಕಾಯ್ದೆ. ಅದರ ಪ್ರಕಾರ ಫ್ಲ್ಯಾಟಿನ ಜತೆಗೆ ನೆಲ, ಮೆಟ್ಟಿಲು, ಲಿಫ್ಟುಗಳಂಥ ಸಾಮಾನ್ಯ ಸ್ವತ್ತಿನಲ್ಲಿ ಅವಿಭಜಿತ ಪಾಲು ಬರುತ್ತದೆ.

ಸೈಟಿಗೂ ಫ್ಲ್ಯಾಟಿಗೂ ಇರುವ ಅಂತರ ಈ ಪಾಲಿನಲ್ಲಿದೆ. ಕಿಂಗ್‌ಫಿಷರ್ ಟವರ್ಸ್‌ನ ನಾಲ್ಕೂವರೆ ಎಕರೆಯನ್ನು ಎಂಬತ್ತು ಮನೆಗೆ ಹಂಚಿದರೆ ತಲಾ ಸುಮಾರು 2,450 ಚದರಡಿ, ಅಂದರೆ ಒಂದು ನಲವತ್ತು–ಅರವತ್ತು ಸೈಟಿನಷ್ಟು ನೆಲ. ಐದು ಎಕರೆಯಲ್ಲಿ ಐನೂರು ಮನೆಗಳಿರುವ ಗೋಪುರದಲ್ಲಿ ತಲಾ ಪಾಲು 435 ಚದರಡಿಗೆ ಇಳಿಯುತ್ತದೆ. ಕಟ್ಟಡ ವರ್ಷದಿಂದ ವರ್ಷಕ್ಕೆ ಸವೆಯುತ್ತದೆ, ಬೆಲೆ ಏರುವುದು ನೆಲದ್ದು. ಆ ನೆಲವನ್ನು ಗೆರೆ ಎಳೆದು ಹಂಚಿಕೊಳ್ಳುವಂತಿಲ್ಲ. 1972ರ ಕಾಯ್ದೆಯ ವ್ಯಾಪ್ತಿಯಿಂದ ಸ್ವತ್ತನ್ನು ಹೊರತರಲು ಎಲ್ಲ ಮಾಲೀಕರೂ ಒಪ್ಪಿ ಸಹಿ ಹಾಕಬೇಕು. ಐನೂರರಲ್ಲಿ ಒಬ್ಬರು ಒಲ್ಲೆನೆಂದರೂ ಹಳೆಯ ಕಟ್ಟಡ ಕೆಡವಿ ಹೊಸದು ಕಟ್ಟುವ ಮಾತು ಅಲ್ಲಿಗೇ ನಿಲ್ಲುತ್ತದೆ.