ಚಿಗರಿಯ ಬೆನ್ನು ಹತ್ತಿದವರು

ಬೇಟೆಯ ಮಾತೆಂದರೆ ಕಿವಿ ನಿಮಿರದವರು ವಿರಳ. ಅಹಿಂಸೆಯೇ ಪರಮಧರ್ಮವೆಂದು ನಂಬಿದವರೂ, ಮಾಂಸದ ಹೆಸರೆತ್ತಿದರೆ ಮುಖ ತಿರುಗಿಸುವವರೂ ಕೂಡ, ನಾಲ್ಕು ಜನ ಸ್ನೇಹಿತರು ಕಲೆತಾಗ ಯಾರಾದರೊಬ್ಬರು ಬೇಟೆಯ ಕಥೆಯನ್ನು ತೆಗೆದರೆ ಕುಳಿತಲ್ಲಿಂದ ಏಳುವುದಿಲ್ಲ. ಮಿಕ ಸಿಕ್ಕಿತೋ ತಪ್ಪಿಸಿಕೊಂಡಿತೋ ಎಂಬುದು ತಿಳಿಯುವವರೆಗೆ ಕೈಯಲ್ಲಿನ ಕಾಫಿ ಆರಿಹೋದರೂ ಅರಿವಿಗೆ ಬಾರದು. ಮನುಷ್ಯನು ಬೇಸಾಯವನ್ನು ಕಲಿಯುವುದಕ್ಕೆ ಎಷ್ಟೋ ಸಾವಿರ ವರ್ಷಗಳ ಮೊದಲೇ ಬೇಟೆಯನ್ನು ಕಲಿತವನು. ಹೊಟ್ಟೆಯ ಹಸಿವು ಹಿಂಗಿದ ಮೇಲೂ ಆ ಕಥೆಯ ಹಸಿವು ಅವನಲ್ಲಿ ಹಿಂಗಿಲ್ಲ.

ಕೃಷ್ಣಾ ತುಂಗಭದ್ರೆಗಳ ನಡುವೆ ಹಬ್ಬಿದ ರಾಯಚೂರು ಸೀಮೆಯಲ್ಲಿ ಸಿಂಧನೂರು, ಲಿಂಗಸುಗೂರು, ಮಸ್ಕಿ ಎಂಬ ಮೂರು ಊರುಗಳಿವೆ. ಮೊದಲನೆಯದು ಇಂದು ಭತ್ತಕ್ಕೆ ಹೆಸರಾದದ್ದು. ಎರಡನೆಯದು ಹಿಂದೆ ಹೈದರಾಬಾದು ಸೈನ್ಯದ ದಂಡು ಬೀಡುಬಿಟ್ಟಿದ್ದ ಊರು, 1905ರವರೆಗೆ ಜಿಲ್ಲೆಯ ಕೇಂದ್ರವೂ ಆಗಿದ್ದಿತು. ಮೂರನೆಯದು ಅಶೋಕನ ಶಾಸನದಿಂದ ಜಗತ್ತಿಗೆ ಪರಿಚಿತವಾದದ್ದು. ಇಲ್ಲಿ ಮಲೆನಾಡಿನ ಕಗ್ಗಾಡಿಲ್ಲ. ಕಣ್ಣು ಹಾಯಿಸಿದಷ್ಟು ದೂರ ಎರೆಹೊಲ, ಮಧ್ಯೆ ಮಧ್ಯೆ ಜಾಲಿಯ ಪೊದೆ, ಬೋಳು ಕಲ್ಲುಗುಡ್ಡ. ಹುಲಿಯ ಬೇಟೆಗೆ ಮಲೆನಾಡು ಹೇಗೋ ಹಾಗೆ ಚಿಗರಿಯ ಬೇಟೆಗೆ ಈ ಬಯಲುಸೀಮೆ.

ಜಿಂಕೆಯಲ್ಲದ ಜಿಂಕೆ

ಚಿಗರಿಯೆಂದರೆ ಕೃಷ್ಣಮೃಗ. ಹಳೆಯ ಮೈಸೂರಿನವರು ಇದನ್ನು ಹುಲ್ಲೆಕರವೆನ್ನುತ್ತಾರೆ. ಆಡುಮಾತಿನಲ್ಲಿ ಎಲ್ಲವನ್ನೂ ಜಿಂಕೆಯೆಂದು ಕರೆದರೂ ಪ್ರಾಣಿಶಾಸ್ತ್ರಜ್ಞರು ಇದನ್ನು ಜಿಂಕೆಯ ಕುಲಕ್ಕೆ ಸೇರಿಸುವುದಿಲ್ಲ. ಚುಕ್ಕೆಜಿಂಕೆ, ಕಡವೆಗಳ ಕೊಂಬು ಕವಲೊಡೆಯುತ್ತದೆ, ಕಾಲಕಾಲಕ್ಕೆ ಉದುರಿ ಮತ್ತೆ ಮೂಡುತ್ತದೆ. ಚಿಗರಿಯ ಕೊಂಬಾದರೋ ತಿರುಪಿನಂತೆ ಸುತ್ತಿಕೊಂಡು ನೇರವಾಗಿ ಬೆಳೆಯುತ್ತದೆ. ಒಮ್ಮೆ ಮೂಡಿದರೆ ಬಾಳಿನುದ್ದಕ್ಕೂ ಇರುತ್ತದೆ. ಬಲಿತ ಗಂಡಿನ ಬೆನ್ನು ಕಪ್ಪು, ಹೊಟ್ಟೆ ಬಿಳುಪು. ಹೆಣ್ಣೂ ಮರಿಯೂ ಒಣಹುಲ್ಲಿನ ಬಣ್ಣದವು. ಓಟದಲ್ಲಿ ಇದನ್ನು ಮೀರಿಸುವ ಪ್ರಾಣಿ ನಮ್ಮ ನಾಡಿನಲ್ಲಿ ಒಂದೇ ಇದ್ದಿತು, ಚೀತಾ. ರಾಜಮಹಾರಾಜರು ಆ ಚೀತಾವನ್ನೇ ಪಳಗಿಸಿ, ಕಣ್ಣಿಗೆ ಮುಸುಕು ಹಾಕಿ, ಎತ್ತಿನ ಬಂಡಿಯಲ್ಲಿ ಕೂಡಿಸಿಕೊಂಡು ಚಿಗರಿಯ ಹಿಂಡಿನ ಬಳಿ ಒಯ್ದು ಬಿಡುತ್ತಿದ್ದರು. ಬೇಟೆಯಾಡಿದ ಚೀತಾ ನಮ್ಮಲ್ಲಿ ನಿರ್ನಾಮವಾಯಿತೆಂದು 1952ರಲ್ಲಿ ಸಾರಲಾಯಿತು. 2022ರಲ್ಲಿ ನಮೀಬಿಯದಿಂದ ತಂದು ಮಧ್ಯಪ್ರದೇಶದ ಕೂನೊ ಅರಣ್ಯದಲ್ಲಿ ಬಿಡಬೇಕಾಯಿತು. ಬೇಟೆಗೆ ಗುರಿಯಾದ ಚಿಗರಿ ಮಾತ್ರ ಹೇಗೋ ಉಳಿದುಕೊಂಡಿತು!

ಕಲ್ಲಿನಲ್ಲಿ ಕೆತ್ತಿದ ಸುದ್ದಿ

ಬೇಟೆಯ ಗೆಲುವನ್ನು ಮಿತ್ರರೊಡನೆ ಹಂಚಿಕೊಳ್ಳುವ ಚಪಲ ಇಂದಿನದಲ್ಲ. ಕನ್ನಡ ನಾಡಿನಲ್ಲಿ ಅದಕ್ಕೆ ಕಲ್ಲಿನ ಸಾಕ್ಷಿಯೇ ಇದೆ. ಮಂಡ್ಯ ಜಿಲ್ಲೆಯ ಆತಕೂರಿನ ಶಾಸನವನ್ನು ನೋಡಿ. ಕ್ರಿ. ಶ. 949ರ ತಕ್ಕೋಲದ ಯುದ್ಧದಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನಿಗೆ ನೆರವಾದ ಗಂಗರ ಬೂತುಗನು ತನ್ನ ವೀರನಾದ ಮಣಲೆರನ ಶೌರ್ಯಕ್ಕೆ ಮೆಚ್ಚಿ, ಬೇಕಾದುದನ್ನು ಬೇಡೆಂದನಂತೆ. ಮಣಲೆರನು ಕೇಳಿದ್ದು ಊರನ್ನಲ್ಲ, ಹೊನ್ನನ್ನಲ್ಲ, ಕಾಳಿಯೆಂಬ ಬೇಟೆನಾಯಿಯನ್ನು. ಆ ನಾಯಿ ಮುಂದೆ ಒಂದು ದೊಡ್ಡ ಹಂದಿಯೊಡನೆ ಹೋರಾಡಿ, ಅದನ್ನು ಕೊಂದು ತಾನೂ ಸತ್ತಿತು. ಅದರ ನೆನಪಿಗೆ ನಿಂತ ಕಲ್ಲಿನ ಮೇಲೆ ನಾಯಿ ಹಂದಿಗಳ ಸೆಣಸಾಟದ ಚಿತ್ರವಿದೆ. ಕಲ್ಲಿನ ಪೂಜೆಗೆಂದು ಭೂಮಿಯನ್ನೂ ಬಿಡಲಾಯಿತು. ಗೆಳೆಯರ ಮುಂದೆ ಹೇಳಿ ಮುಗಿಸಬಹುದಾಗಿದ್ದ ಒಂದು ಬೇಟೆಯ ಕಥೆ ಸಾವಿರ ವರ್ಷಕ್ಕೂ ಹೆಚ್ಚು ಕಾಲ ಬಾಳಿದೆ.

ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥವು ಅರಸನ ವಿನೋದಗಳನ್ನು ಎಣಿಸುವಾಗ ಬೇಟೆಗೂ ಒಂದು ಭಾಗವನ್ನು ಮೀಸಲಿಟ್ಟಿದೆ. ಜಿಂಕೆಯನ್ನು ಹಿಡಿಯುವ ಬಗೆಬಗೆಯ ಉಪಾಯಗಳು ಅಲ್ಲಿ ಬರುತ್ತವೆ. ಹನ್ನೊಂದು ಹನ್ನೆರಡನೆಯ ಶತಮಾನಗಳ ಚಾಲುಕ್ಯ ರಾಜ್ಯದೊಳಗೆ ಈ ಎರೆಸೀಮೆಯೂ ಸೇರಿದ್ದಿತು.

ಎತ್ತಿನ ಮರೆ, ಉರುಲಿನ ಸಾಲು

ಅರಸರ ಬೇಟೆ ವಿನೋದಕ್ಕಾದರೆ ಬಡವರ ಬೇಟೆ ಗಂಜಿಗೆ. ಉತ್ತರ ಕರ್ನಾಟಕದಲ್ಲಿ ಹರಣಶಿಕಾರಿಗಳೆಂಬ ಒಂದು ಜನವರ್ಗವಿದೆ. ಅವರಿಗೆ ಚಿಗರಿಬೇಟೆಗಾರರೆಂದೂ, ಅಡವಿಚಿಂಚೇರರೆಂದೂ, ಫಾಸೆಪಾರ್ಧಿಗಳೆಂದೂ ಹೆಸರುಗಳುಂಟು. ಫಾಸೆಯೆಂದರೆ ಉರುಲು. ಕುಲದ ಹೆಸರೇ ಕಸುಬನ್ನು ಹೇಳುತ್ತದೆ.

ಇವರ ಬೇಟೆಯ ಹಿಂದಿದ್ದುದು ಪ್ರಾಣಿಸ್ವಭಾವದ ಸೂಕ್ಷ್ಮವಾದ ಅರಿವು. ಮರೆಯಿಲ್ಲದ ಬಯಲಿನಲ್ಲಿ ಬಾಳುವ ಚಿಗರಿಗೆ ಮೂಗಿಗಿಂತಲೂ ಕಿವಿಗಿಂತಲೂ ಕಣ್ಣೇ ಹೆಚ್ಚಿನ ಕಾವಲು. ಮನುಷ್ಯನ ನೆರಳು ಕಂಡರೆ ಸಾಕು, ಹಿಂಡಿನ ಒಂದು ಹೆಣ್ಣು ಚಿಮ್ಮಿ ನೆಗೆಯುತ್ತದೆ. ಉಳಿದವೂ ಚೆಂಡು ಪುಟಿದಂತೆ ಪುಟಿಯುತ್ತ ಕಣ್ಮರೆಯಾಗುತ್ತವೆ. ಆದರೆ ಮೇಯುವ ದನಕ್ಕೆ ಚಿಗರಿ ಅಂಜದು. ಆದುದರಿಂದಲೇ ಬೇಟೆಗಾರನು ಪಳಗಿಸಿದ ಎತ್ತನ್ನು ಮುಂದೆ ಬಿಟ್ಟುಕೊಂಡು, ಅದರ ಮರೆಯಲ್ಲಿ ಹೆಜ್ಜೆಗೆ ಹೆಜ್ಜೆ ಕೂಡಿಸುತ್ತ, ಹಿಂಡು ಸಾಗುವ ದಾರಿಯಲ್ಲಿ ಉರುಲುಗಳನ್ನು ಹೂಡುತ್ತಿದ್ದನು. ಗಂಡು ಚಿಗರಿಗೆ ತನ್ನದೇ ಒಂದು ನೆಲೆಯುಂಟು. ಹಿಕ್ಕೆಯ ರಾಶಿಗಳಿಂದ ಅದರ ಗಡಿಯನ್ನು ಗುರುತಿಸಿ ಕಾಯುತ್ತದೆ. ಅಲ್ಲಿಗೆ ಇನ್ನೊಂದು ಗಂಡು ಕಾಲಿಟ್ಟರೆ ಕಾದಾಟ ತಪ್ಪದು. ಈ ಕೋಪವನ್ನೇ ಬಂಡವಾಳ ಮಾಡಿಕೊಂಡು, ಪಳಗಿದ ಗಂಡಿನ ಕೊಂಬಿಗೆ ಉರುಲು ಕಟ್ಟಿ ಕಾಡಿನ ಗಂಡನ್ನು ಸಿಕ್ಕಿಸುವ ಉಪಾಯವೂ ಹಿಂದೆ ಬಳಕೆಯಲ್ಲಿದ್ದಿತು.

ಮಸ್ಕಿಯ ಸಮೀಪದ ಹಳ್ಳಿಯೊಂದರ ಕಟ್ಟೆಯ ಮೇಲೆ ಎಂಬತ್ತು ದಾಟಿದ ಹಿರಿಯರೊಬ್ಬರು ತಮ್ಮ ಯೌವನದ ಬೇಟೆಯನ್ನು ಕುರಿತು ಹೇಳಿದ ಮಾತು ಇಲ್ಲಿ ನೆನಪಿಗೆ ಬರುತ್ತದೆ: “ಸರ, ಚಿಗರಿ ಕಣ್ಣಾಗ ಜೀವಾ ಇಟ್ಕೊಂಡೈತ್ರಿ. ನೆಟ್ಟಗ ಅದರ ಕಡೆ ನಡದ್ರ ಹೋತು. ನಮಗೂ ಅದಕ್ಕೂ ಸಂಬಂಧನ ಇಲ್ಲ ಅನ್ನೋರಂಗ ಓರೆಯಾಗಿ ನಡೀಬೇಕು. ಅವಸರ ಮಾಡಿದಾಂವಗ ಹೊಲಾನೂ ಇಲ್ಲ, ಬ್ಯಾಟಿನೂ ಇಲ್ಲ.” ಪಕ್ಕದಲ್ಲಿದ್ದ ತರುಣನೊಬ್ಬ, “ಎಷ್ಟು ಹೊಡದೀರಿ ಯಜ್ಜಾ?” ಎಂದು ಕೇಳಿದಾಗ ಅವರು ಉತ್ತರಿಸಲಿಲ್ಲ. ಹೆಜ್ಜೆ ನೋಡಿ ಗಂಡು ಹೆಣ್ಣೆಂದು ಗುರುತಿಸುವುದು ಹೇಗೆ, ಮರಿ ಹಾಕಿದ ಹೆಣ್ಣು ಮರಿಯನ್ನು ಹುಲ್ಲಿನಲ್ಲಿ ಅಡಗಿಸಿ ದೂರ ಮೇಯುವುದೇಕೆ ಎಂಬುದನ್ನೇ ವಿವರಿಸತೊಡಗಿದರು. ಹೊಡೆದದ್ದು ಒಂದು ಕ್ಷಣದ ಕೆಲಸ. ಕಲಿತದ್ದು ಒಂದು ಜನ್ಮದ್ದು.

ಕಾನೂನು ಬಂದಿತು

ಎತ್ತಿನ ಮರೆಯ ಬೇಟೆಗಾರನಿಂದ ಚಿಗರಿಯ ಕುಲ ಅಳಿಯಲಿಲ್ಲ. ಅದನ್ನು ಅಳಿವಿನ ಅಂಚಿಗೆ ತಳ್ಳಿದವು ಬಂದೂಕು, ಜೀಪು, ರಾತ್ರಿಯ ಕಣ್ಣು ಕುಕ್ಕುವ ದೀಪ. ಇವುಗಳ ಮುಂದೆ ಕಾಲಿನ ವೇಗಕ್ಕೂ ಬೆಲೆಯಿಲ್ಲ, ಬೇಟೆಗಾರನ ತಾಳ್ಮೆಗೂ ಬೆಲೆಯಿಲ್ಲ. ಜೊತೆಗೆ ನೆಲವೂ ಬದಲಾಯಿತು. ತುಂಗಭದ್ರೆಗೆ ಅಣೆಕಟ್ಟಾಗಿ 1953ರಲ್ಲಿ ನೀರು ಹರಿದ ಮೇಲೆ, ಎಡದಂಡೆಯ ಕಾಲುವೆಯಿಂದ ಸಿಂಧನೂರಿನ ಎರೆಹೊಲಗಳು ಭತ್ತದ ಗದ್ದೆಗಳಾದವು. ರೈತನ ಮನೆಗೆ ಲಕ್ಷ್ಮಿ ಬಂದಳು, ಸಂತೋಷವೇ. ಆದರೆ ಗರಿಕೆಯ ಬಯಲಿನಲ್ಲಿ ಓಡಿ ಬಾಳುವ ಪ್ರಾಣಿಗೆ ಗದ್ದೆಯ ಕೆಸರು ಮನೆಯಾಗದು.

1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದಿತು. ಕೃಷ್ಣಮೃಗ ಅದರ ಮೊದಲನೆಯ ಪಟ್ಟಿಯಲ್ಲಿದೆ. ಅದನ್ನು ಕೊಂದವರಿಗೆ ಮೂರು ವರ್ಷಕ್ಕೆ ಕಡಮೆಯಿಲ್ಲದೆ ಏಳು ವರ್ಷದವರೆಗೆ ಸೆರೆಮನೆ. 2022ರ ತಿದ್ದುಪಡಿಯ ತರುವಾಯ ಜುಲ್ಮಾನೆ 25,000 ರೂಪಾಯಿಗೆ ಕಡಮೆಯಿಲ್ಲ. ರಾಣೆಬೆನ್ನೂರಿನಲ್ಲಿ 1974ರಲ್ಲಿ ಕೃಷ್ಣಮೃಗಗಳಿಗೆಂದೇ ಅಭಯಾರಣ್ಯವಾಯಿತು.

ಆದರೂ ರೂಢಿ ಕಾನೂನಿನಷ್ಟು ಬೇಗ ಬದಲಾಗುವುದಿಲ್ಲ. ಯುಗಾದಿಯ ವೇಳೆಗೆ ಗುಂಪು ಕಟ್ಟಿಕೊಂಡು ಮೊಲದ ಬೇಟೆಗೆ ಹೊರಡುವ ವಾಡಿಕೆ ನಮ್ಮ ಹಳ್ಳಿಗಳಲ್ಲಿ ಹಳೆಯದು. 2025ರ ಯುಗಾದಿಯ ಸಮಯದಲ್ಲಿ ಸಿಂಧನೂರು ತಾಲ್ಲೂಕಿನ ತುರ್ವಿಹಾಳದಲ್ಲಿ ಬೇಟೆಯಾಡಿದ ಮೊಲಗಳನ್ನು ಮೆರವಣಿಗೆಯಲ್ಲಿ ಪ್ರದರ್ಶಿಸಿದ ಸಂಗತಿ ಪತ್ರಿಕೆಗಳಲ್ಲಿ ಬಂದು, ಅರಣ್ಯ ಇಲಾಖೆ ಮೊಕದ್ದಮೆ ಹೂಡಿತು. ಅಜ್ಜನ ಕಾಲದಲ್ಲಿ ಊರೇ ಮೆಚ್ಚುತ್ತಿದ್ದ ಹಿರಿಮೆ ಮೊಮ್ಮಗನ ಕಾಲದಲ್ಲಿ ಅಪರಾಧದ ಸಾಕ್ಷ್ಯವಾಗಿದೆ.

ಇದರಲ್ಲಿ ಹೆಚ್ಚು ನೊಂದವರು ಯಾರು? ವಿನೋದಕ್ಕೆ ಬೇಟೆಯಾಡಿದವರು ಬಂದೂಕನ್ನು ಗೋಡೆಗೆ ತೂಗುಹಾಕಿ ಬೇರೆ ವಿನೋದವನ್ನು ಹುಡುಕಿಕೊಂಡರು. ಹರಣಶಿಕಾರಿಗೆ ಆ ಸೌಕರ್ಯವಿರಲಿಲ್ಲ. ಬ್ರಿಟಿಷರ 1871ರ ಕಾಯಿದೆ ಇಂತಹ ಅಲೆಮಾರಿ ಜನರನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಸಾರುವುದಕ್ಕೆ ದಾರಿಮಾಡಿತು. ಅದು ರದ್ದಾದುದು 1952ರಲ್ಲಿ. ಇಪ್ಪತ್ತು ವರ್ಷ ಕಳೆಯುವಷ್ಟರಲ್ಲಿ ಅವರ ಕುಲಕಸುಬೇ ಅಪರಾಧವಾಯಿತು. ಕಾಯಿದೆ ಬೇಕಾದುದೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಉರುಲನ್ನು ಕಸಿದುಕೊಂಡ ಕೈಗೆ ಬೇರೊಂದು ಕೆಲಸವನ್ನು ಕೊಡುವುದೂ ಅಷ್ಟೇ ಬೇಕಾದ ಧರ್ಮ. ರೈತನ ಗೋಳನ್ನೂ ಮರೆಯಬಾರದು. ಬಿತ್ತಿದ ಕಡಲೆ, ಜೋಳ ಮೊಳೆತು ಮೇಲೆದ್ದ ದಿನವೇ ಚಿಗರಿಯ ಹಿಂಡು ಹೊಲಕ್ಕಿಳಿದರೆ ಒಂದೇ ರಾತ್ರಿಯಲ್ಲಿ ವರ್ಷದ ಆಸೆ ಮಣ್ಣಾಗುತ್ತದೆ. ಬೆಳೆನಾಶಕ್ಕೆ ಸರ್ಕಾರ ಪರಿಹಾರ ಕೊಡುವುದುಂಟು; ಅದು ಹೊತ್ತಿಗೆ ಸರಿಯಾಗಿ ಕೈಗೆ ಬಂದರೆ ಮಾತ್ರ ಚಿಗರಿಯ ಮೇಲೆ ರೈತನಿಗೆ ಕರುಣೆ ಉಳಿದೀತು.

ಬಂಡೆ ಹೇಳುವ ಮಾತು

1915ರಲ್ಲಿ ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರು ಮಸ್ಕಿಯ ಗುಡ್ಡದಲ್ಲಿ ಅಶೋಕನ ಶಾಸನವನ್ನು ಕಂಡುಹಿಡಿದರು. ಅದುವರೆಗೆ ಶಾಸನಗಳಲ್ಲಿ ದೇವಾನಾಂಪ್ರಿಯನೆಂದು ಮಾತ್ರ ಕರೆಸಿಕೊಂಡಿದ್ದ ಅರಸನೇ ಅಶೋಕನೆಂಬುದು ಈ ಬಂಡೆಯಿಂದ ಸ್ಥಿರಪಟ್ಟಿತು. ಮಸ್ಕಿಯ ಶಾಸನ ಬೇಟೆಯ ಮಾತನ್ನೆತ್ತುವುದಿಲ್ಲ. ಆದರೆ ಅದೇ ಅರಸನ ದೊಡ್ಡ ಬಂಡೆಶಾಸನಗಳು ಎತ್ತುತ್ತವೆ. ನೆರೆಯ ಆಂಧ್ರದ ಎರ‍್ರಗುಡಿಯಲ್ಲಿ ಅವುಗಳನ್ನು ಇಂದಿಗೂ ಕಾಣಬಹುದು. ಹಿಂದಿನ ಅರಸರು ಬೇಟೆಗಾಗಿ ವಿಹಾರಯಾತ್ರೆ ಹೋಗುತ್ತಿದ್ದರು. ತಾನಾದರೋ ಅದನ್ನು ಬಿಟ್ಟು ಧರ್ಮಯಾತ್ರೆಗೆ ಹೊರಟೆನೆಂದು ಒಂದರಲ್ಲಿ ಹೇಳಿಕೊಂಡಿದ್ದಾನೆ. ಇನ್ನೊಂದರಲ್ಲಿ ಅರಮನೆಯ ಅಡುಗೆಮನೆಯ ಲೆಕ್ಕವಿದೆ. ಮೊದಲು ಲಕ್ಷಗಟ್ಟಲೆ ಪ್ರಾಣಿಗಳು ಸಾಯುತ್ತಿದ್ದುವು. ಈಗ ದಿನಕ್ಕೆ ಎರಡು ನವಿಲು, ಒಂದು ಜಿಂಕೆ. ಆ ಜಿಂಕೆಯೂ ನಿತ್ಯವಲ್ಲ. ಮುಂದೆ ಈ ಮೂರೂ ನಿಲ್ಲುವುವು ಎಂದು. ಚಕ್ರವರ್ತಿಯೂ ಒಂದೇ ದಿನದಲ್ಲಿ ಬಿಡಲಾರದೆ ಹಂತಹಂತವಾಗಿ ಬಿಟ್ಟನು. ಬಿಡುತ್ತಿದ್ದೇನೆಂಬುದನ್ನೂ ಮುಚ್ಚಿಡದೆ ಬಂಡೆಯ ಮೇಲೆ ಬರೆಸಿದನು. ಇದು ಬೇಟೆಯ ಗೆಲುವನ್ನು ಸಾರಿದ ಆತಕೂರಿನ ಕಲ್ಲಿಗಿಂತ ಭಿನ್ನವಾದ ಗೆಲುವು.

ಹಾಗೆಂದು ಬೇಟೆಯ ಕಥೆಗಳು ನಿಲ್ಲಬೇಕಾಗಿಲ್ಲ. ನಿಲ್ಲಬೇಕಾದುದು ಉರುಲು, ಗುಂಡು. ಹೆಜ್ಜೆಯನ್ನು ಓದುವ ಕಣ್ಣು, ಬಿಸಿಲಿನಲ್ಲಿ ಗಂಟೆಗಟ್ಟಲೆ ಅಲುಗದೆ ಕೂಡುವ ತಾಳ್ಮೆ, ಓರೆಯಾಗಿ ನಡೆಯುವ ಜಾಣತನ, ಇವು ಛಾಯಾಚಿತ್ರ ತೆಗೆಯುವವನಿಗೂ, ಹಿಂಡನ್ನು ಎಣಿಸುವ ಅರಣ್ಯರಕ್ಷಕನಿಗೂ ಅಷ್ಟೇ ಬೇಕು. ಆ ವಿದ್ಯೆ ಇಂದು ಇರುವುದು ಪುಸ್ತಕಗಳಲ್ಲಲ್ಲ. ಎಂಬತ್ತು ದಾಟಿದ ಕೆಲವೇ ಹಿರಿಯರಲ್ಲಿ, ಊರಾಚೆಯ ಗುಡಿಸಲುಗಳಲ್ಲಿ ಬಾಳುವ ಹರಣಶಿಕಾರಿಗಳಲ್ಲಿ. ರಜೆಯಲ್ಲಿ ಊರಿಗೆ ಹೋಗುವ ತರುಣರು ಅವರ ಬಳಿ ಕುಳಿತು ಎಷ್ಟು ಹೊಡೆದಿರೆಂದು ಕೇಳುವುದನ್ನು ಬಿಟ್ಟು, ಹೇಗೆ ಕಂಡಿರೆಂದು ಕೇಳಲಿ. ಉತ್ತರವನ್ನು ಬರೆದಿಟ್ಟುಕೊಳ್ಳಲಿ. ಅವರೊಡನೆ ಆ ವಿದ್ಯೆಯೂ ಮಣ್ಣಾದರೆ, ಮತ್ತೆ ಕಲಿಸುವವರು ಯಾರೂ ಇರುವುದಿಲ್ಲ.