ದೇಶ ದೇಶಗಳ ವಿದ್ಯಾಭ್ಯಾಸವನ್ನು ಅಳೆಯುವ ಬಗೆ

ಹೋದ ವರ್ಷ ನಮ್ಮ ಅರ್ಥಶಾಸ್ತ್ರ ಸಂಘದ ಸಭೆಯಲ್ಲಿ ಪರದೇಶಗಳ ಶಾಲಾ ಶಿಕ್ಷಣವನ್ನು ಕುರಿತು ಒಂದು ಪ್ರಬಂಧವನ್ನೋದಬೇಕೆಂದು ಅಧ್ಯಾಪಕರು ನನಗೆ ಅಪ್ಪಣೆ ಮಾಡಿದರು. ಜಿಲ್ಲೆಯ ಗಡಿಯನ್ನೇ ನಾಲ್ಕೈದು ಸಲ ದಾಟಿದವನಿಗೆ ಪರದೇಶದ ಮಾತೆಲ್ಲಿ ಬಂತು! ಆದರೆ ಈ ಕಾಲದಲ್ಲಿ ಒಂದು ಅನುಕೂಲವುಂಟು. ಲೋಕದ ದೊಡ್ಡ ದೊಡ್ಡ ಸಂಸ್ಥೆಗಳು ತಾವು ಕಲೆಹಾಕಿದ ಅಂಕಿ-ಅಂಶಗಳನ್ನು ಅಂತರ್ಜಾಲದಲ್ಲಿ ಪುಕ್ಕಟೆಯಾಗಿ ತೆರೆದಿಟ್ಟಿವೆ. ನಮ್ಮ ಗ್ರಂಥಾಲಯದ ಮೂಲೆಯ ಹಳೆಯ ಕಂಪ್ಯೂಟರಿನ ಮುಂದೆ ಕುಳಿತೇ ಫಿನ್ಲೆಂಡಿನ ಶಾಲೆಯನ್ನು ಇಣುಕಿ ನೋಡಬಹುದು. ನಾನು ಕಂಡುದನ್ನೂ ಎಡವಿದುದನ್ನೂ ಸಹಪಾಠಿಗಳ ಮುಂದಿಡುವುದೇ ಈ ಲೇಖನದ ಉದ್ದೇಶ.

ಮೊದಲು ಎರಡು ಪರೀಕ್ಷೆಗಳ ಪರಿಚಯವಾಗಬೇಕು. ಪಿಸಾ ಎಂಬುದು ಓ.ಇ.ಸಿ.ಡಿ. ಎಂಬ ರಾಷ್ಟ್ರಗಳ ಕೂಟವು 2000ದಲ್ಲಿ ಪ್ರಾರಂಭಿಸಿದ್ದು. 15 ವರ್ಷದ ಮಕ್ಕಳ ಓದು, ಗಣಿತ, ವಿಜ್ಞಾನಗಳನ್ನು ಅಳೆಯುತ್ತದೆ. ಟಿಮ್ಸ್ ಎಂಬುದು 1995ರಿಂದ ನಾಲ್ಕು ವರ್ಷಕ್ಕೊಮ್ಮೆ ನಡೆಯುತ್ತ ಬಂದಿದೆ. ಅದು ನಾಲ್ಕನೆಯ ಮತ್ತು ಎಂಟನೆಯ ತರಗತಿಗಳದು. ಇವುಗಳ ಫಲಿತಾಂಶಗಳನ್ನು ಬೇಕಾದಂತೆ ಕೋಷ್ಟಕ ಮಾಡಿಕೊಳ್ಳಲು ಅಮೆರಿಕದ ರಾಷ್ಟ್ರೀಯ ಶಿಕ್ಷಣ ಅಂಕಿ-ಅಂಶ ಕೇಂದ್ರವು ಇಂಟರ್‌ನ್ಯಾಷನಲ್ ಡೇಟಾ ಎಕ್ಸ್‌ಪ್ಲೋರರ್ ಎಂಬ ಸಾಧನವನ್ನು ಸಿದ್ಧಪಡಿಸಿತು. ನಾನು ಬಳಸಿದ್ದು ಅದನ್ನೇ. ಪರೀಕ್ಷೆ ಯಾವುದು, ವಿಷಯ ಯಾವುದು, ವರ್ಷ ಯಾವುದು, ದೇಶಗಳು ಯಾವುವು ಎಂದು ಗುರುತು ಹಾಕಿದರೆ ಸರಿ, ಕೋಷ್ಟಕ ತಾನಾಗಿ ಮೂಡುತ್ತದೆ. ಇದು ಸಣ್ಣ ಉಪಕಾರವಲ್ಲ. ಪಿಸಾದಲ್ಲಿ ಪ್ರತಿಯೊಬ್ಬ ಹುಡುಗನೂ ಎಲ್ಲ ಪ್ರಶ್ನೆಗಳಿಗೂ ಉತ್ತರಿಸುವುದಿಲ್ಲ, ಒಂದು ಭಾಗಕ್ಕೆ ಮಾತ್ರ. ಆದುದರಿಂದ ಅವನಿಗೆ ಒಂದೇ ಅಂಕವನ್ನು ಕೊಡದೆ, ಸಂಭಾವ್ಯವಾದ ಹಲವು ಅಂಕಗಳನ್ನು ಅಂದಾಜು ಮಾಡುತ್ತಾರೆ. 2012ರವರೆಗೆ ಐದು, 2015ರಿಂದ ಹತ್ತು. ಆ ತೊಡಕಿನ ಲೆಕ್ಕವನ್ನೆಲ್ಲ ಸಾಧನವೇ ನಿರ್ವಹಿಸುತ್ತದೆ. ಗಣಿತವೆಂದರೆ ಹೆದರುವ ನನ್ನಂಥವರು ಬದುಕಿದೆವು.

ಮಕ್ಕಳ ಮನೆಯ ಸಂಗತಿಗಳೂ ಅಲ್ಲಿ ಸಿಕ್ಕುತ್ತವೆ. ಮನೆಯಲ್ಲಿ ಎಷ್ಟು ಪುಸ್ತಕಗಳಿವೆ ಎಂದು ಕೇಳಿ, ಒಂದು ಮೀಟರ್ ಅಟ್ಟಣೆಗೆ ಸುಮಾರು 40 ಪುಸ್ತಕಗಳೆಂಬ ಅಳತೆಯನ್ನೂ ಹೇಳಿಕೊಟ್ಟಿದ್ದಾರೆ. ಪತ್ರಿಕೆಗಳನ್ನೂ ಪಠ್ಯಪುಸ್ತಕಗಳನ್ನೂ ಎಣಿಸಕೂಡದಂತೆ! ಹಾಗಾದರೆ ನಮ್ಮ ಮನೆಯಲ್ಲಿ ಉಳಿಯುವುದು ಅಜ್ಜನ ಜೈಮಿನಿ ಭಾರತ ಮತ್ತು ಒಂದು ಪಂಚಾಂಗ.

ಇನ್ನು ನಾನು ಎಡವಿದ ಸಂಗತಿ. 2012ರ ಪಿಸಾ ಗಣಿತದಲ್ಲಿ ವಿಯೆಟ್ನಾಮ್ 511 ಅಂಕ ಪಡೆದಿತ್ತು. ಓ.ಇ.ಸಿ.ಡಿ. ದೇಶಗಳ ಸರಾಸರಿ 494, ಅಮೆರಿಕದ್ದು 481. ಬಡ ದೇಶವೊಂದು ಶ್ರೀಮಂತರನ್ನು ಹಿಂದಿಕ್ಕಿದ್ದನ್ನು ಕಂಡು ನನಗಾದ ಹಿಗ್ಗು ಅಷ್ಟಿಷ್ಟಲ್ಲ. 2009ರ ಸುತ್ತಿನಲ್ಲಿ ನಮ್ಮ ದೇಶದ ಪರವಾಗಿ ತಮಿಳುನಾಡು, ಹಿಮಾಚಲ ಪ್ರದೇಶಗಳು ಮಾತ್ರ ಸೇರಿ, ಗಣಿತದಲ್ಲಿ 351 ಮತ್ತು 338 ಅಂಕ ಪಡೆದು ಪಟ್ಟಿಯ ತಳದ ಸಮೀಪದಲ್ಲಿ ನಿಂತಿದ್ದವು. ಅದನ್ನೂ ಪಕ್ಕದಲ್ಲಿಟ್ಟು, ವಿಯೆಟ್ನಾಮಿನ ಶಾಲೆಗಳೇ ನಮಗೆ ಮಾದರಿಯೆಂದು ಆವೇಶದಿಂದ ಓದಿದೆ. ಚಪ್ಪಾಳೆಯೂ ಬಿತ್ತು. ಅಧ್ಯಾಪಕರು ಮಾತ್ರ ಒಂದೇ ಪ್ರಶ್ನೆ ಕೇಳಿದರು: "ಪರೀಕ್ಷೆಗೆ ಕುಳಿತವರು ಯಾರಪ್ಪ?"

ಉತ್ತರ ನನ್ನ ಬಳಿ ಇರಲಿಲ್ಲ. ಮರುದಿನ ಹುಡುಕಿ ನೋಡಿದೆ. ಪಿಸಾ ಪರೀಕ್ಷೆ ನಡೆಯುವುದು ಏಳನೆಯ ತರಗತಿ ಅಥವಾ ಅದಕ್ಕೆ ಮೇಲ್ಪಟ್ಟು ಓದುತ್ತಿರುವ ಮಕ್ಕಳಿಗೆ ಮಾತ್ರ. ದೇಶದ 15 ವರ್ಷದವರಲ್ಲಿ ಎಷ್ಟು ಪಾಲನ್ನು ಆ ಮಕ್ಕಳು ಪ್ರತಿನಿಧಿಸುತ್ತಾರೆ ಎಂಬುದನ್ನು ಓ.ಇ.ಸಿ.ಡಿ. ತನ್ನ ವರದಿಯಲ್ಲಿಯೇ ಬೇರೆಯಾಗಿ ಅಚ್ಚುಮಾಡುತ್ತದೆ. 2012ರಲ್ಲಿ ವಿಯೆಟ್ನಾಮಿನ ಪಾಲು ಶೇಕಡ 56ರಷ್ಟು. ಉಳಿದವರಲ್ಲಿ ಹೆಚ್ಚಿನವರು ಶಾಲೆಯನ್ನೇ ಬಿಟ್ಟವರು, ಇಲ್ಲವೇ ಬಹಳ ಹಿಂದುಳಿದವರು. ಅವರನ್ನೂ ಕೂರಿಸಿದ್ದರೆ 511 ಅಷ್ಟೇ ಉಳಿಯುತ್ತಿತ್ತೆಂದು ನಂಬುವುದು ಕಷ್ಟ. ಹಾಗೆಂದು ಒಳಗಿದ್ದವರು ಚೆನ್ನಾಗಿ ಕಲಿತಿದ್ದರೆಂಬುದು ಸುಳ್ಳಾಗುವುದಿಲ್ಲ. ಎರಡನ್ನೂ ಕೂಡಿಯೇ ಹೇಳಬೇಕಿತ್ತು. ನಾನು ಒಂದನ್ನು ನುಂಗಿದ್ದೆ.

ಆ ರಾತ್ರಿ ನನಗೆ ನೆನಪಾದವನು ನಮ್ಮೂರಿನ ಗೆಳೆಯನೊಬ್ಬ. ಬಾಯಿಲೆಕ್ಕದಲ್ಲಿ ನಮ್ಮೆಲ್ಲರಿಗಿಂತ ಚುರುಕು. ಒಂಬತ್ತನೆಯ ತರಗತಿಗೆ ಬಂದು ಎರಡು ತಿಂಗಳಿಗೆ ಇಟ್ಟಿಗೆ ಗೂಡಿನ ಕೆಲಸಕ್ಕೆ ಸೇರಿದ. ಅವನು ಹೋದ ಮೇಲೆ ತರಗತಿಯ ಸರಾಸರಿ ಏರಿತೋ ಇಳಿಯಿತೋ ಯಾರೂ ನೋಡಲಿಲ್ಲ.

ಶಾಲೆಯ ಹೊರಗಿರುವವರನ್ನು ಅರಿಯಲು ಯುನೆಸ್ಕೋ ಅಂಕಿ-ಅಂಶ ಸಂಸ್ಥೆಯ ಮತ್ತು ವಿಶ್ವಬ್ಯಾಂಕಿನ ಕೋಷ್ಟಕಗಳನ್ನು ತೆರೆಯಬೇಕು. ಅಲ್ಲಿಯೂ ಒಂದು ಗುಂಡಿ ಇದೆ. ಒಟ್ಟು ದಾಖಲಾತಿ ಪ್ರಮಾಣವು ಕೆಲವೆಡೆ ನೂರನ್ನು ಮೀರುತ್ತದೆ! ಅಚ್ಚಿನ ತಪ್ಪೆಂದು ಗಾಬರಿಗೊಳ್ಳಬೇಕಾಗಿಲ್ಲ. ವಯಸ್ಸು ಮೀರಿದವರನ್ನೂ ತರಗತಿಯಲ್ಲಿ ಮತ್ತೆ ಕುಳಿತವರನ್ನೂ ಸೇರಿಸಿ ಎಣಿಸಿ, ಆ ವಯಸ್ಸಿನ ಮಕ್ಕಳ ಸಂಖ್ಯೆಯಿಂದ ಭಾಗಿಸುವುದರಿಂದ ಹಾಗಾಗುತ್ತದೆ. ಸರಿಯಾದ ವಯಸ್ಸಿನವರನ್ನಷ್ಟೇ ಎಣಿಸುವ ನಿವ್ವಳ ಪ್ರಮಾಣ ಬೇರೆಯೇ ಇದೆ. ಇದೇ ರೀತಿ, ಎರಡು ದೇಶಗಳ ನಡುವೆ ಎರಡು ಮೂರು ಅಂಕಗಳ ಅಂತರವಿದ್ದರೆ ಪಕ್ಕದಲ್ಲಿ ಕೊಟ್ಟಿರುವ ದೋಷದ ಪ್ರಮಾಣವನ್ನು ನೋಡದೆ ಒಂದನ್ನು ಮೇಲೆ, ಇನ್ನೊಂದನ್ನು ಕೆಳಗೆ ಎನ್ನಬಾರದು.

ಮುಂದಿನ ಸಭೆಯಲ್ಲಿ ಅಧ್ಯಾಪಕರ ಅನುಮತಿ ಪಡೆದು ಪ್ರಬಂಧವನ್ನು ತಿದ್ದಿ ಓದಿದೆ. ಈ ಸಲ ಚಪ್ಪಾಳೆ ಕಡಿಮೆ. ಅಂಕಗಳ ಪಕ್ಕದಲ್ಲಿ ಪರೀಕ್ಷೆಯ ವ್ಯಾಪ್ತಿಗೆ ಬಂದ ಮಕ್ಕಳ ಪಾಲನ್ನು ಬರೆದ ಆ ಕೋಷ್ಟಕ ನಮ್ಮ ವಿಭಾಗದ ಫಲಕದಲ್ಲಿ ಇನ್ನೂ ಇದೆ. ಹುಡುಗಿಯರ ಅಂಕಗಳಿಗೆ ಪ್ರತ್ಯೇಕವಾದ ಕಂಬಸಾಲೊಂದು ಬೇಕೆಂದು ಅಧ್ಯಾಪಕರು ಪೆನ್ಸಿಲಿನಲ್ಲಿ ಗೆರೆ ಎಳೆದಿದ್ದಾರೆ, ಅದು ಖಾಲಿಯಿದೆ.