ಅಜ್ಜನ ಎಂಜಿನ್ನಿಗೆ ಎಣ್ಣೆಸ್ನಾನ

ಮಲೆನಾಡಿನ ಹಳೆಯ ತೋಟದ ಮನೆಗಳಲ್ಲಿ ಕೆರೆಯ ಅಂಚಿಗೋ ಬಾವಿಯ ಪಕ್ಕಕ್ಕೋ ಹೆಂಚು ಹೊದಿಸಿದ ಒಂದು ಗೂಡು ಇರುತ್ತದೆ. ಮನೆಯವರ ಬಾಯಲ್ಲಿ ಅದು ಮಿಷನ್ ಮನೆ. ಈಗ ಅದರೊಳಗೆ ಅಡಿಕೆ ಹಾಳೆ, ಹರಿದ ಗೊಬ್ಬರದ ಚೀಲ, ತೂತು ಬಿದ್ದ ಔಷಧಿ ಡ್ರಮ್ಮು. ಇವೆಲ್ಲದರ ಹಿಂದೆ ಎರಡು ದೊಡ್ಡ ಗಾಲಿ ಹೊತ್ತ ಎಂಜಿನ್. ನಮ್ಮದೂ ಹಾಗೆಯೇ ಕೂತಿತ್ತು. ಬೇಸಿಗೆಯಲ್ಲಿ ತೋಟಕ್ಕೆ ನೀರೆತ್ತುವುದು ಅದರ ಕೆಲಸ. ಮಳೆಗಾಲದಲ್ಲಿ ಲೈನಿನ ಮೇಲೆ ಮರ ಬಿದ್ದು ವಾರಗಟ್ಟಲೆ ಕರೆಂಟ್ ಹೋದಾಗ ಅದೇ ಬೆಲ್ಟನ್ನು ಡೈನಮೋಗೆ ಏರಿಸಿದರೆ ಮನೆಗೆ ಬೆಳಕು. ಅಜ್ಜ ಹೋದ ಮೇಲೆ ಹ್ಯಾಂಡಲ್ ಹೊಡೆಯುವವರಿಲ್ಲದೆ ನಿಂತದ್ದು ಹದಿನೆಂಟು ವರ್ಷ ನಿಂತೇ ಇತ್ತು. ಗುಜರಿಯವನು ಕೆ.ಜಿ. ಲೆಕ್ಕದಲ್ಲಿ ಕೇಳಿಕೊಂಡು ಬಂದ ದಿನ ಅದನ್ನು ಎಬ್ಬಿಸಲೇಬೇಕೆಂಬ ಹಠ ಬಂತು.

ರೈತರು ‘ಸ್ಲೋ ಸ್ಪೀಡ್’ ಎನ್ನುವ ಜಾತಿ ಇದು. ಇದರ ಮೂಲ ಇಂಗ್ಲೆಂಡಿನ ಡರ್ಸ್ಲಿ ಊರಿನ ಲಿಸ್ಟರ್ ಕಂಪನಿ 1930ರ ಆಸುಪಾಸಿನಲ್ಲಿ ತಂದ ಸಿ.ಎಸ್. ಎಂಜಿನ್. ಸಿ.ಎಸ್. ಅಂದರೆ ಕೋಲ್ಡ್ ಸ್ಟಾರ್ಟ್, ಬಿಸಿ ಮಾಡುವ ರಗಳೆಯಿಲ್ಲದೆ ತಣ್ಣಗಿದ್ದಾಗಲೇ ಹೊರಡುವಂಥದ್ದು. ಒಂದೇ ಸಿಲಿಂಡರ್, ನಾಲ್ಕೂವರೆ ಇಂಚಿನ ಬೋರ್, ಐದೂವರೆ ಇಂಚಿನ ಸ್ಟ್ರೋಕ್, ನಿಮಿಷಕ್ಕೆ 650 ಸುತ್ತು, 6 ಎಚ್‌ಪಿ. ಅದರ ಅಚ್ಚನ್ನೇ ಹಿಡಿದು ರಾಜಕೋಟ್ ಕಡೆಯ ಫೌಂಡ್ರಿಗಳು ಎರಕ ಹೊಯ್ದ ಎಂಜಿನ್ನುಗಳು ನಮ್ಮ ಊರೂರಿಗೂ ಬಂದವು. ಇಂಥವುಗಳ ಡೀಸೆಲ್ ಪಂಪಿನ ಮೇಲೆ ಬಹಳ ಕಡೆ ಮೈಕೋ ಎಂಬ ಹೆಸರು ಕಾಣುತ್ತದೆ. ಅದು 1951ರಲ್ಲಿ ಹುಟ್ಟಿದ ನಮ್ಮ ಬೆಂಗಳೂರಿನ ಕಂಪನಿ. 2008ರಿಂದ ಅದರ ಹೆಸರು ಬಾಷ್.

ಹಠ ಬಂದ ದಿನವೇ ನಾನು ಮಾಡಿದ ತಪ್ಪು, ಹ್ಯಾಂಡಲ್ ಸಿಕ್ಕಿಸಿ ಮೈಭಾರವೆಲ್ಲ ಹಾಕಿ ತಿರುಗಿಸಲು ಹೋದದ್ದು. ಗಾಲಿ ಕೂದಲೆಳೆಯಷ್ಟೂ ಅಲುಗಲಿಲ್ಲ. ಪಕ್ಕದೂರಿನಿಂದ ಬಂದ ಹಿರಿಯ ಮೇಸ್ತ್ರಿ ನೋಡಿ ಬೈದರು: “ತಿರುಗಿಸ್ಬೇಡಿ ಮಾರಾಯ್ರೇ. ಹದಿನೆಂಟು ವರ್ಷ ಮಲಗಿದ್ದನ್ನ ಕೈ ಹಿಡಿದು ಎಳೆದ್ರೆ ಕೈಯೇ ಕಿತ್ತು ಬರ್ತದೆ. ಮೊದ್ಲು ಎಣ್ಣೆಸ್ನಾನ ಆಗ್ಲಿ.”

ಅವರ ಮಾತಿನ ಹಿಂದೆ ಲೆಕ್ಕವಿದೆ. ಡೀಸೆಲ್ ಎಂಜಿನ್ನಿಗೆ ಪ್ಲಗ್ ಇಲ್ಲ, ಕಿಡಿ ಇಲ್ಲ. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ತುದಿ ಬಿಸಿಯಾಗುತ್ತದಲ್ಲ, ಅದೇ ಸಂಗತಿ ಇಲ್ಲಿ ಹತ್ತು ಪಾಲು ಜೋರಾಗಿ ನಡೆಯುತ್ತದೆ. ಪಿಸ್ಟನ್ ಗಾಳಿಯನ್ನು ಒತ್ತಿ ಒತ್ತಿ ಕಾಯಿಸುತ್ತದೆ, ಆ ಹೊತ್ತಿಗೆ ಸರಿಯಾಗಿ ನಾಜಲ್ ಡೀಸೆಲನ್ನು ಮಂಜಿನಂತೆ ಚಿಮ್ಮಿಸುತ್ತದೆ, ಅದು ತಾನಾಗಿ ಹೊತ್ತಿಕೊಳ್ಳುತ್ತದೆ. ಹಾಗಾಗಿ ಬೇಕಾದದ್ದು ಎರಡೇ: ಸೋರದ ಒತ್ತಡ, ಮಂಜಾಗುವ ಡೀಸೆಲ್. ಬಹುಪಾಲು ಹಳೆಯ ಎಂಜಿನ್ನುಗಳು ಸವೆದು ಕೆಟ್ಟಿರುವುದಿಲ್ಲ. ತುಕ್ಕು, ಜಿಡ್ಡು, ತೇವ ಸೇರಿ ಈ ಎರಡರಲ್ಲಿ ಒಂದನ್ನು ತಡೆದಿರುತ್ತವೆ. ಬಲ ಹಾಕಿದರೆ ಹಿಡಿದುಕೊಂಡ ರಿಂಗು ಮುರಿಯುತ್ತದೆ, ತುಕ್ಕಿನ ಪುಡಿ ಬೋರಿಗೆ ಗೀರು ಹಾಕುತ್ತದೆ. ಕೆಟ್ಟಿರದಿದ್ದದ್ದು ಆಗ ಕೆಡುತ್ತದೆ.

ಹೆಡ್ ಬಿಚ್ಚಿದೆವು. ಬಿಚ್ಚುವ ಮೊದಲು ಪ್ರತಿ ಪೈಪು, ಪ್ರತಿ ಸ್ಕ್ರೂವಿನ ಫೋಟೋ ಮೊಬೈಲಿನಲ್ಲಿ. ಪಂಪಿನ ಕೆಳಗಿನ ತೆಳು ತಗಡುಗಳನ್ನು ಎಣಿಸಿ ದಾರದಲ್ಲಿ ಪೋಣಿಸಿಟ್ಟೆವು. ಆ ತಗಡು ಹೆಚ್ಚುಕಡಿಮೆಯಾದರೆ ಡೀಸೆಲ್ ಚಿಮ್ಮುವ ಹೊತ್ತೇ ಬದಲಾಗುತ್ತದೆ. ಸೈಲೆನ್ಸರ್ ಪೈಪಿನಲ್ಲಿ ಕುಂಬಾರ ಹುಳದ ಮಣ್ಣಿನ ಗೂಡು. ಪಿಸ್ಟನ್ನಿನ ತಲೆಯ ಸುತ್ತ ಕಾಫಿ ಗಸಿಯಂಥ ತುಕ್ಕು. ಅದನ್ನು ಬಟ್ಟೆಯಲ್ಲಿ ಒರೆಸಿ, ಡೀಸೆಲ್ಲಿಗೆ ಸ್ವಲ್ಪ ತೆಳು ಎಣ್ಣೆ ಬೆರೆಸಿ ಪಿಸ್ಟನ್ನಿನ ಮೇಲೆ ಎರಡು ಬೆರಳು ನಿಲ್ಲುವಂತೆ ಹೊಯ್ದು ಗೋಣಿ ಮುಚ್ಚಿದೆವು. ದಿನಾ ಬೆಳಿಗ್ಗೆ ಇಳಿದಷ್ಟನ್ನು ತುಂಬುವುದು, ಗಾಲಿಯ ಕಡ್ಡಿಗೆ ಮರದ ದಬ್ಬೆ ಕೊಟ್ಟು ಮುಂದಕ್ಕೊಮ್ಮೆ ಹಿಂದಕ್ಕೊಮ್ಮೆ ಮೆಲ್ಲಗೆ ಒತ್ತುವುದು. ಸುತ್ತಿಗೆ ಮುಟ್ಟುವಂತಿಲ್ಲ. ಆರನೆಯ ದಿನ ಗಾಲಿ ಒಂದು ಬೆರಳಗಲ ಜರುಗಿತು. ಎಂಟನೆಯ ದಿನಕ್ಕೆ ಪೂರಾ ಒಂದು ಸುತ್ತು.

ಪಿಸ್ಟನ್ ಹೊರಗೆ ಬಂದ ಮೇಲೆ ನೋಡಬೇಕಾದದ್ದು ರಿಂಗು. ರಿಂಗನ್ನು ಬರಿದಾದ ಬೋರಿನೊಳಗೆ ನೇರವಾಗಿ ತಳ್ಳಿ, ಅದರ ಎರಡು ತುದಿಗಳ ನಡುವಿನ ಸಂದಿಯನ್ನು ಫೀಲರ್ ಗೇಜಿನಲ್ಲಿ ಅಳೆಯಬೇಕು. ಬೋರಿನ ಪ್ರತಿ ಇಂಚಿಗೆ ಒಂದು ಇಂಚಿನ ಸಾವಿರದಲ್ಲಿ ಮೂರರಿಂದ ನಾಲ್ಕು ಭಾಗ ಎಂಬುದು ವರ್ಕ್‌ಶಾಪಿನವರ ಲೆಕ್ಕ. ನಮ್ಮ ಬೋರಿಗೆ ಅದು 0.4 ಮಿ.ಮೀ. ಆಸುಪಾಸು. ಅದರ ಎರಡು ಮೂರು ಪಟ್ಟು ಸಂದಿಯಿದ್ದರೆ ರಿಂಗು ಸವೆದಿದೆ, ಇಲ್ಲವೇ ಬೋರೇ ಅಗಲವಾಗಿದೆ. ವಾಲ್ವುಗಳನ್ನು ಗ್ರೈಂಡಿಂಗ್ ಪೇಸ್ಟ್ ಹಚ್ಚಿ, ಕಡೆಗೋಲು ತಿರುಗಿಸಿದ ಹಾಗೆ ಅತ್ತಿತ್ತ ತಿರುವಿ, ಸೀಟಿನ ಸುತ್ತ ಒಂದೇ ಅಗಲದ ಬೂದು ಉಂಗುರ ಮೂಡುವವರೆಗೆ ಉಜ್ಜಬೇಕು. ಆಮೇಲೆ ಹೆಡ್ಡಿನ ದಾರಿಗೆ ಸೀಮೆಎಣ್ಣೆ ಹೊಯ್ದು ಹತ್ತು ನಿಮಿಷ ಬಿಡಿ. ಹನಿ ಇಳಿಯದಿದ್ದರೆ ಒತ್ತಡ ಸೋರುವುದಿಲ್ಲ ಎಂದು ನಂಬಬಹುದು.

ಕ್ರ್ಯಾಂಕ್‌ಕೇಸಿನ ಪಕ್ಕದ ಬಾಗಿಲು ತೆಗೆದಾಗ ತಳದಲ್ಲಿ ಡಾಂಬರಿನಂಥ ಗಸಿ. ಬೆರಳ ನಡುವೆ ಉಜ್ಜಿದರೆ ಅದರಲ್ಲಿ ಮರಳು. ಎರಕ ಹೊಯ್ದ ಕಾಲದ ಮರಳು ಒಳಗೋಡೆಗೆ ಅಂಟಿಕೊಂಡೇ ಉಳಿಯುವುದು ಈ ನಕಲು ಎಂಜಿನ್ನುಗಳ ಹುಟ್ಟುರೋಗ. ಇದಕ್ಕೆ ಆಯಿಲ್ ಫಿಲ್ಟರ್ ಇಲ್ಲ. ಕನೆಕ್ಟಿಂಗ್ ರಾಡಿನ ಬುಡದಲ್ಲಿರುವ ಒಂದು ಪುಟ್ಟ ಚಮಚ ಎಣ್ಣೆಯನ್ನು ಎರಚುತ್ತದೆ, ಅಷ್ಟೇ. ಎರಚುವ ಎಣ್ಣೆಯಲ್ಲಿ ಮರಳಿದ್ದರೆ ಬೇರಿಂಗಿನ ಗತಿ ಹೇಳಬೇಕಿಲ್ಲ. ತಂತಿ ಬ್ರಶ್ಶಿನಲ್ಲಿ ತಿಕ್ಕಿ, ಡೀಸೆಲ್ಲಿನಲ್ಲಿ ಮೂರು ಸಲ ತೊಳೆದು, ಹಳೆಯ ಪಂಚೆಯಲ್ಲಿ ಒರೆಸಿದೆವು. ಕಾಟನ್ ವೇಸ್ಟ್ ಬೇಡ, ಅದರ ನೂಲು ಎಣ್ಣೆಯ ತೂತಿಗೆ ಸೇರಿಕೊಳ್ಳುತ್ತದೆ. ಹೊಸ ಎಣ್ಣೆ ಗುರುತಿನವರೆಗೆ ಮಾತ್ರ. ಕಡಿಮೆಯಾದರೆ ಚಮಚಕ್ಕೆ ಎಟುಕದು. ಹೆಚ್ಚಾದರೆ ಬೋರಿಗೆ ಏರಿ, ಎಂಜಿನ್ ಆ ಎಣ್ಣೆಯನ್ನೇ ಉರಿಸಿಕೊಂಡು ನಿಲ್ಲಿಸಿದರೂ ನಿಲ್ಲದೆ ಓಡಬಹುದು.

ಡೀಸೆಲ್ ಪಂಪಿನ ಒಳಗಿನ ಪ್ಲಂಜರ್ ಪೆನ್ಸಿಲ್ ತುಂಡಿನಷ್ಟಿದೆ. ಅದರ ಮೇಲೊಂದು ಕಂದು ಕಲೆ ಕಂಡು ನಾನು ಎಮರಿ ಪೇಪರ್ ತೆಗೆದೆ. ಮೇಸ್ತ್ರಿ ಕೈಗೆ ಫಟ್ಟೆಂದು ಹೊಡೆದರು. ಪ್ಲಂಜರೂ ಅದು ಕೂರುವ ಬ್ಯಾರೆಲ್ಲೂ ಒಂದಕ್ಕೊಂದು ಜೋಡಿಯಾಗಿ ಕಡೆದವು. ಇವೆರಡರ ನಡುವೆ ಡೀಸೆಲ್ಲೇ ಕಷ್ಟಪಟ್ಟು ನುಸುಳುವಷ್ಟು ಸಂದಿ. ಎಮರಿ ಒಮ್ಮೆ ಆಡಿದರೆ ಪಂಪು ಗುಜರಿಗೆ. ಶುದ್ಧ ಡೀಸೆಲ್ಲಿನಲ್ಲಿ ನೆನೆಸಿ ಬೆರಳಿನಲ್ಲೇ ಸವರಬೇಕು. ನಾಜಲನ್ನು ಪೇಟೆಯ ಪಂಪ್ ರಿಪೇರಿ ಅಂಗಡಿಗೆ ಕೊಟ್ಟು ಟೆಸ್ಟ್ ಮಾಡಿಸಿ. ಮಂಜಿನಂತೆ ಚಿಮ್ಮಿ ತಟ್ಟನೆ ನಿಲ್ಲಬೇಕು, ತೊಟ್ಟಿಕ್ಕಬಾರದು. ಚಿಮ್ಮುವ ನಾಜಲ್ಲಿನ ಮುಂದೆ ಕೈ ಹಿಡಿಯುವವರನ್ನು ನೋಡಿದ್ದೇನೆ. ಆ ಒತ್ತಡಕ್ಕೆ ಡೀಸೆಲ್ ಚರ್ಮ ತೂರಿ ರಕ್ತಕ್ಕೆ ಸೇರುತ್ತದೆ, ಬೆರಳು ಕತ್ತರಿಸಬೇಕಾಗಿ ಬರಬಹುದು.

ನೀರಿನ ವಿಷಯ ಸುಲಭ. ಪಕ್ಕದಲ್ಲೊಂದು ಡ್ರಮ್ಮಿಟ್ಟು ಮೇಲೊಂದು ಕೆಳಗೊಂದು ಪೈಪು ಕೊಟ್ಟರೆ ಬಿಸಿ ನೀರು ಮೇಲಿನಿಂದ ಹೋಗಿ ತಣ್ಣೀರು ಕೆಳಗಿನಿಂದ ತಾನಾಗಿ ಬರುತ್ತದೆ. ಪೇಂಟನ್ನು ಕೊನೆಗೆ ಹೊಡೆಯಿರಿ. ಮೊದಲೇ ಹೊಡೆದು ಫೋಟೋ ತೆಗೆದವರ ಎಂಜಿನ್ ಓಡಿದ್ದನ್ನು ನಾನು ಕಂಡಿಲ್ಲ.

ಹೊರಡಿಸುವ ಮುನ್ನ ಗಾಲಿಯ ಕೀಗಳನ್ನು ನೋಡಿ. ಕ್ವಿಂಟಲ್ ತೂಗುವ ಗಾಲಿ ಒಂದು ಕೀಯ ಮೇಲೆ ನಿಂತಿದೆ. ಸಡಿಲವಿದ್ದರೆ ಕೇಳಿಸುವ ಕಟ್ ಕಟ್ ಸದ್ದನ್ನು ಬೇರಿಂಗಿನದ್ದೆಂದು ತಪ್ಪು ತಿಳಿಯುವವರೇ ಹೆಚ್ಚು. ಡೀಸೆಲ್ ಪೈಪಿನ ಗಾಳಿ ತೆಗೆಯಬೇಕು. ನಟ್ ಸಡಿಲಿಸಿ ಗುಳ್ಳೆ ಬರುವುದು ನಿಲ್ಲುವವರೆಗೆ ಬಿಟ್ಟು ಬಿಗಿ ಮಾಡುವುದು. ಒಳಗಿನ ಒತ್ತಡ ಬಿಡುವ ಡಿಕಂಪ್ರೆಷನ್ ಲಿವರ್ ಎತ್ತಿ, ಡೀಸೆಲ್ ಬಂದ್ ಮಾಡಿ ಮೂವತ್ತು ನಲವತ್ತು ಸುತ್ತು ಸುಮ್ಮನೆ ತಿರುಗಿಸಿದರೆ ಎಣ್ಣೆ ಎಲ್ಲ ಕಡೆಗೂ ಹೋಗುತ್ತದೆ. ಹ್ಯಾಂಡಲ್ ಹಿಡಿಯುವಾಗ ಹೆಬ್ಬೆರಳು ಉಳಿದ ಬೆರಳುಗಳ ಕಡೆಗೇ ಇರಲಿ, ಸುತ್ತಿ ಹಿಡಿಯಬೇಡಿ. ಎಂಜಿನ್ ತಿರುಗಿ ಒದೆದರೆ ಹೆಬ್ಬೆರಳು ಮುರಿಯುತ್ತದೆ. ಗಾಳಿ ಎಳೆಯುವ ಬಾಯಿಯನ್ನು ಮುಚ್ಚಲು ಒಂದು ಹಲಗೆ ಕೈಗೆ ಸಿಗುವಂತಿರಲಿ. ಹುಚ್ಚೆದ್ದು ಓಡಿದರೆ ಅದೊಂದೇ ಗತಿ. ಡೀಸೆಲ್ ಬಿಟ್ಟು ತಿರುಗಿಸಿದಾಗ ನಾಜಲ್ಲಿನಿಂದ ಕಿರ್ರ್ ಎಂಬ ಸದ್ದು ಸುತ್ತು ಬಿಟ್ಟು ಸುತ್ತಿಗೆ ಕೇಳಬೇಕು. ಕೇಳಿತು. ಲಿವರ್ ಕೆಡವಿದೆ. ಒಂದು ಬಿಳಿ ಹೊಗೆಯ ಉಂಡೆ, ಒಂದು ಮೌನ, ಆಮೇಲೆ ಟುಕ್. ಒಳಗಿನಿಂದ ಅಮ್ಮ ಅನ್ನದ ಸೌಟು ಹಿಡಿದೇ ಓಡಿ ಬಂದರು.

ಹೊಗೆ ನೋಡಿ ರೋಗ ಹೇಳಬಹುದು. ಬಿಳಿ ಹೊಗೆ ಡೀಸೆಲ್ ಸುಡದೆ ಬರುತ್ತಿರುವುದು. ಬಿಸಿಯಾದ ಮೇಲೆ ನಿಲ್ಲಬೇಕು. ನೀಲಿ ಹೊಗೆ ಎಣ್ಣೆ ಉರಿಯುತ್ತಿರುವುದು. ಕಪ್ಪಾದರೆ ಹೊರೆ ಹೆಚ್ಚಾಗಿದೆ, ಇಲ್ಲವೇ ನಾಜಲ್ ತೊಟ್ಟಿಕ್ಕುತ್ತಿದೆ.

ಇನ್ನು ಡೈನಮೋ. ತಂತಿ ಸುರುಳಿಯ ನಡುವೆ ಇಲಿ ಗೂಡು ಕಟ್ಟಿತ್ತು, ಮಲೆನಾಡಿನ ಹದಿನೆಂಟು ಮಳೆಗಾಲದ ತೇವ ಬೇರೆ. ಹಾಗೇ ಓಡಿಸಿದರೆ ಸುಟ್ಟೇ ಹೋಗುತ್ತದೆ. 500 ವೋಲ್ಟಿನ ಮೆಗ್ಗರಿನಲ್ಲಿ ಅಳೆದಾಗ ಇನ್ಸುಲೇಷನ್ ಒಂದು ಮೆಗಾಓಮ್ ಕೂಡ ಇರಲಿಲ್ಲ. ಅದಕ್ಕಿಂತ ಕೆಳಗಿದ್ದರೆ ಓಡಿಸಬಾರದು. ಹಳೆಯ ಕಾಲದ 100 ವಾಟಿನ ಬಲ್ಬೊಂದನ್ನು ಒಳಗಿಟ್ಟು, ತಂತಿಗೂ ಬಟ್ಟೆಗೂ ತಾಗದಂತೆ ನೋಡಿಕೊಂಡು, ಮೇಲೆ ಕಂಬಳಿ ಹೊದಿಸಿ ಮೂರು ರಾತ್ರಿ ಕಾಯಿಸಿದೆವು. ಅಳತೆ ಏರಿತು. ಕಾರ್ಬನ್ ಬ್ರಶ್ ಬದಲಿಸಿ ಓಡಿಸಿದರೂ ವೋಲ್ಟೇಜ್ ಬರಲಿಲ್ಲ. ವರ್ಷಗಟ್ಟಲೆ ನಿಂತ ಡೈನಮೋದ ಕಬ್ಬಿಣ ತನ್ನಲ್ಲಿ ಉಳಿದ ಚೂರು ಕಾಂತತ್ವವನ್ನೂ ಕಳೆದುಕೊಂಡಿರುತ್ತದೆ; ಆ ಚೂರು ಇಲ್ಲದೆ ಕರೆಂಟು ಹುಟ್ಟಲು ಶುರುವೇ ಆಗದು. ಗೊತ್ತಿರುವ ಎಲೆಕ್ಟ್ರಿಷಿಯನ್ ಒಬ್ಬರು ಫೀಲ್ಡ್ ತಂತಿಗೆ 12 ವೋಲ್ಟಿನ ಬ್ಯಾಟರಿಯನ್ನು ಸರಿಯಾದ ದಿಕ್ಕಿನಲ್ಲಿ ಒಂದೆರಡು ಸೆಕೆಂಡ್ ತಾಗಿಸಿದರು. ಮೀಟರಿನ ಮುಳ್ಳು ಎದ್ದಿತು.

ನಾಲ್ಕು ಪೋಲಿನ ಡೈನಮೋ 50 ಹರ್ಟ್ಸ್ ಕೊಡಲು ನಿಮಿಷಕ್ಕೆ 1500 ಸುತ್ತಬೇಕು. ಎಂಜಿನ್ ಸುತ್ತುವುದು 650. ಬೆಲ್ಟ್ ಕೂರುವ ಗಾಲಿ 24 ಇಂಚಿನದಾದರೆ, 24ನ್ನು 650ರಿಂದ ಗುಣಿಸಿ 1500ರಿಂದ ಭಾಗಿಸಿ: 10.4 ಇಂಚಿನ ಪುಲ್ಲಿ. ಬೆಲ್ಟ್ ಸ್ವಲ್ಪ ಜಾರುವುದರಿಂದ ಕೂದಲೆಳೆ ಚಿಕ್ಕದೇ ಇರಲಿ. ಹೊರೆ ಇಲ್ಲದಾಗ 52 ತೋರಿಸಿ, ಹೊರೆ ಬಿದ್ದಾಗ 50ಕ್ಕೆ ಇಳಿಯುವಂತೆ ಗವರ್ನರ್ ಸ್ಪ್ರಿಂಗನ್ನು ಹೊಂದಿಸಿದೆವು. ನಾಲ್ಕು ಸ್ಟ್ರೋಕಿಗೆ ಒಂದೇ ಸಲ ಉರಿಯುವುದರಿಂದ ಸೆಕೆಂಡಿಗೆ ಐದು ಚಿಲ್ಲರೆ ಪೆಟ್ಟು. ಹಳೆಯ ಬಲ್ಬುಗಳು ಆ ಲಯಕ್ಕೆ ಸಣ್ಣಗೆ ಮಿನುಗುತ್ತವೆ. ಚಿಕ್ಕಂದಿನಲ್ಲಿ ಅದೇ ಬೆಳಕಿನಲ್ಲಿ ಓದಿದವನಿಗೆ ಅದು ದೋಷವೆನಿಸಲಿಲ್ಲ.

6 ಎಚ್‌ಪಿ ಅಂದರೆ ನಾಲ್ಕೂವರೆ ಕಿಲೋವಾಟ್. ಡೈನಮೋದ ನಷ್ಟ, ಮುದಿತನ ಕಳೆದರೆ ಮೂರು ಕಿಲೋವಾಟಿಗಿಂತ ಹೆಚ್ಚು ಆಸೆಪಡಬೇಡಿ. ಪೂರ್ತಿ ಹೊರೆಗೆ ಗಂಟೆಗೆ ಒಂದು ಲೀಟರ್ ಮೀರಿ ಡೀಸೆಲ್ ಕುಡಿಯುತ್ತದೆ. ನಾಲ್ಕು ಎಲ್‌ಇಡಿ ಬಲ್ಬಿಗಾದರೆ ಇನ್ವರ್ಟರ್ ಸಾಕು, ಈ ಸಾಹಸ ಬೇಡ. ಬಾವಿಯ ಪಂಪೂ ಫ್ರಿಜ್ಜೂ ವಾರಗಟ್ಟಲೆ ನಡೆಯಬೇಕಾದ ಮನೆಗೆ ಇದು ಇಂದಿಗೂ ಕೆಲಸದ ಯಂತ್ರ. ಕ್ರ್ಯಾಂಕ್ ಶಾಫ್ಟೋ ಹೆಡ್ಡೋ ಬಿರುಕು ಬಿಟ್ಟಿದ್ದರೆ ಮಾತ್ರ ಗುಜರಿಯವನನ್ನು ಕರೆಯಿರಿ. ಮಿಷನ್ ಮನೆಯ ಗೋಡೆಯಾಚೆಗೆ ಹೊಗೆ ಪೈಪು ಹೋಗಲೇಬೇಕು. ಮುಚ್ಚಿದ ಕೋಣೆಯಲ್ಲಿ ಆ ಹೊಗೆ ಕೊಲ್ಲುತ್ತದೆ.

ಕೊನೆಯದಾಗಿ ಒಂದು ವಿನಂತಿ. ಡೈನಮೋದ ತಂತಿಯನ್ನು ಎರಡು ಕಡೆಯೂ ಪಿನ್ನಿರುವ ವಯರಿನಲ್ಲಿ ಗೋಡೆಯ ಸಾಕೆಟ್ಟಿಗೆ ಚುಚ್ಚುವ ಅಭ್ಯಾಸ ನಮ್ಮ ಕಡೆ ಇದೆ. ಆ ಕರೆಂಟು ಮೀಟರ್ ದಾಟಿ ಲೈನಿಗೆ ಹೋಗುತ್ತದೆ; ಊರಿನ ಟ್ರಾನ್ಸ್‌ಫಾರ್ಮರ್ ತಿರುವುಮುರುವಾಗಿ ಕೆಲಸ ಮಾಡಿ 230 ವೋಲ್ಟನ್ನು 11,000ದ ಲೈನಿಗೆ ಏರಿಸುತ್ತದೆ. ಆ ಲೈನಿನ ಮೇಲೆ ಬಿದ್ದ ಮರ ಕಡಿಯಲು ಮಳೆಯಲ್ಲಿ ಕಂಬ ಹತ್ತಿದ ಲೈನ್‌ಮ್ಯಾನ್ ಕರೆಂಟ್ ಆಫ್ ಆಗಿದೆ ಎಂದೇ ನಂಬಿರುತ್ತಾನೆ. ಮನೆಯನ್ನು ಲೈನಿಗೋ ಡೈನಮೋಗೋ ಒಂದಕ್ಕೆ ಮಾತ್ರ ಜೋಡಿಸುವ ಚೇಂಜ್‌ಓವರ್ ಸ್ವಿಚ್ ಹಾಕಿಸದೆ ಡೈನಮೋಗೆ ಬೆಲ್ಟ್ ಏರಿಸಬೇಡಿ.